ನೆಗ್ಗಿದ ಪಾವು

ಮೊದಲ ಸಲ ಜಾಮು ಕಲ್ಲಾಯಿತು.
ನೆಟ್ಟ ಸೌಟು ನೆಟ್ಟಲ್ಲೇ ನಿಂತಿತು, ಲೈಟುಕಂಬದ ಹಾಗೆ.
ಪಕ್ಕದ ಮನೆಯ ದಾಕ್ಷಾಯಿಣಿ ಕೊಟ್ಟ ಚೀಟಿಯಲ್ಲಿ
ಇದ್ದದ್ದು ಇಷ್ಟೇ:
ಒಂದು ಪಾವು ನೇರಳೆ, ಒಂದು ಪಾವು ಸಕ್ಕರೆ,
ನಿಂಬೆಹುಳಿ ನಾಲಿಗೆಗೆ ತಕ್ಕಷ್ಟು.
ಬೀಜ ತೆಗೆದು ಅಳೆಯಬೇಕೋ, ಅಳೆದು ತೆಗೆಯಬೇಕೋ
ಚೀಟಿ ಹೇಳಲಿಲ್ಲ.
ಕಾಂಪೌಂಡಿನ ಆಚೆಯಿಂದ ಅವರೂ ಹೇಳಲಿಲ್ಲ.
"ಅಂದಾಜು ಸಾರ್, ಕೈಗೇ ಗೊತ್ತಾಗುತ್ತೆ."

ನನ್ನ ಕೈಗೆ ಗೊತ್ತಿಲ್ಲ.
ಮೂವತ್ತೊಂದು ವರ್ಷ ಹಾಸನದ ಕಾಲೇಜಿನಲ್ಲಿ
ಫಿಸಿಕ್ಸ್ ಲ್ಯಾಬಿನ ಅಟೆಂಡರ್ ಆಗಿದ್ದವನು.
ತಕ್ಕಡಿಗೆ ಗಾಜಿನ ಬಾಗಿಲು,
ಫ್ಯಾನು ಆರಿಸಿ ತೂಗಬೇಕು,
ಉಸಿರು ಬಿಟ್ಟರೂ ಮುಳ್ಳು ಅಲುಗುವ ಕಡೆ
ಅಂದಾಜು ಅನ್ನುವುದು ಬೈಗುಳ.

ಮತ್ತೆ ಹೋದೆ ಕಟ್ಟಿನಕೆರೆ ಮಾರ್ಕೆಟ್ಟಿಗೆ.
ದುದ್ದದ ಜವರಮ್ಮ ಗೋಣಿ ಹಾಸಿ ಕೂತಿದ್ದಳು.
ಗುಡ್ಡೆಗೆ ಪಾವು ಮುಳುಗಿಸಿ, ಎತ್ತಿ, ಗೋಪುರ ಕಟ್ಟಿ,
ಉರುಳುವುದು ಉರುಳಲಿ ಎಂದು ಬಿಟ್ಟು,
ಚೀಲಕ್ಕೆ ಸುರಿದು, ಮೇಲೆ ನಾಲ್ಕು ಹಣ್ಣು ಕೊಸರು.
"ಇನ್ನೊಂದು ಪಾವು" ಅಂದೆ. ಇನ್ನೊಂದು ಗೋಪುರ,
ಇನ್ನೂ ನಾಲ್ಕು.
ಪಾವಿನ ಪಕ್ಕೆಯಲ್ಲಿ ಒಂದು ನೆಗ್ಗು.
ಕಂಡೂ ಕಾಣದವನ ಹಾಗೆ ಕಂಡುಕೊಂಡೆ.

ಮನೆಗೆ ಬಂದು ಕ್ಯಾಲೆಂಡರಿನ ಮೇ ತಿಂಗಳು ಹರಿದು
ಅದರ ಬೆನ್ನಿಗೆ ಗೆರೆ ಎಳೆದೆ.
ನನ್ನದು ಅಮ್ಮನ ಕಾಲದ ಹಿತ್ತಾಳೆ ಪಾವು, ಸರ್ಕಾರಿ ಮುದ್ರೆ ಬಿದ್ದದ್ದು.
ನೀರು ತುಂಬಿದರೆ ಇನ್ನೂರ ನಲವತ್ತು ಗ್ರಾಂ.
ಸಕ್ಕರೆ, ಇನ್ನೂರು.
ನೇರಳೆ, ನೂರೈವತ್ತು.
ಅದನ್ನೇ ನೀರಿಗೆ ಬಿಟ್ಟರೆ
ಏರಿದ ನೀರು ಅರೆಪಾವಿಗಿಂತ ಒಂಚೂರು ಜಾಸ್ತಿ.
ಮಿಕ್ಕದ್ದು ಹಣ್ಣಿಗೂ ಹಣ್ಣಿಗೂ ನಡುವೆ ಕೂತಿದ್ದ ಬರೀ ಗಾಳಿ.
ಅದಕ್ಕೂ ಕಾಸು ಕೊಟ್ಟು, ಹೆಗಲಿಗೆ ಹಾಕಿ ತಂದಿದ್ದೆ.
ಬೀಜ ಬಿಡಿಸಿದೆ.
ಬೆರಳು, ಬನಿಯನ್ನು, ಸಿಂಕು, ಬರೆದಿಟ್ಟ ಅಂಕಿ
ಎಲ್ಲ ಊದಾ.
ತಿರುಳು ನೂರೈದು. ಅರೆಪಾವೂ ತುಂಬಲಿಲ್ಲ.
ಇದಕ್ಕೆ ಇನ್ನೂರು ಗ್ರಾಂ ಸಕ್ಕರೆ ಸುರಿದಿದ್ದೆನಲ್ಲ,
ಕಲ್ಲಾಗದೆ ಇನ್ನೇನಾದೀತು!

ಅಲ್ಲಿಗೆ ನಿಲ್ಲಿಸಬಹುದಿತ್ತು.
ಎರಡನೇ ಪಾವು ಚೀಲದಲ್ಲೇ ಇತ್ತು.
ನಾಲ್ಕು ಹಣ್ಣು ಎತ್ತಿ ಪಕ್ಕಕ್ಕಿಟ್ಟು
ಉಳಿದದ್ದನ್ನು ಮುದ್ರೆಯ ಪಾವಿಗೆ ಸುರಿದು ಗೋಪುರ ಕಟ್ಟಿದೆ.
ತುದಿಗೆ ಎರಡು ಹಣ್ಣು ಕಡಿಮೆ.
ಪರೀಕ್ಷೆಯಲ್ಲಿ ಚೀಟಿ ಹಿಡಿದವನ ಖುಷಿ ಆಯಿತು ನನಗೆ.
ರಾತ್ರಿ ನಿದ್ದೆಯೂ ಚೆನ್ನಾಗಿ ಬಂತು.

ಬೆಳಗ್ಗೆ ಹೋಗಿ ಅಂದೆ, "ಪಾವು ನೆಗ್ಗಿದೆಯಲ್ಲಮ್ಮಾ."
"ಊಂ ಕಣಣ್ಣ, ಹೋದೊರ್ಸ ಆಟೋ ಹತ್ತಿಬುಡ್ತು.
ನೆಗ್ಗು ಎರಡು ಹಣ್ಣು ನುಂಗ್ತದೆ,
ಅದ್ಕೇಯ ನಾಕು ಹಾಕೋದು.
ಎರಡು ನಿಂದು, ಎರಡು ಕೊಸರು.
ಹೊಸಾ ಪಾವು ತಂದ್ರೆ ಎರಡೇ ಹಾಕೋದು,
ಆಗ ಬೇಜಾರ್ ಮಾಡ್ಕಬ್ಯಾಡ."
ನನ್ನ ಹಿಂದೆ ನಿಂತಿದ್ದ ಹುಡುಗನಿಗೆ ಅಳೆಯತೊಡಗಿದಳು.

ಕೈಯಲ್ಲಿದ್ದ ನಾಲ್ಕನ್ನೂ ದಾರಿಯಲ್ಲೇ ತಿಂದೆ.
ಎರಡು ಯಾವುದು, ಇನ್ನೆರಡು ಯಾವುದು
ಎಂದು ಒಂದು ಕ್ಷಣ ನೋಡಿದ್ದು ನಿಜ.
ಬೀಜಗಳನ್ನು ಮೋರಿಗೆ ಉಗಿದೆ.

ಸಂಜೆ ದಾಕ್ಷಾಯಿಣಿಗೆ ತಿದ್ದಿದ ಚೀಟಿ ಕೊಟ್ಟೆ,
ಸ್ಕೇಲಿಟ್ಟು ಗೆರೆ ಎಳೆದದ್ದು:
ಪಾವು ನೇರಳೆಗೆ ತಿರುಳು ನೂರೈದು ಗ್ರಾಂ,
ಸಕ್ಕರೆ ಅರೆಪಾವು, ಅಂದರೆ ನೂರು.
ಕನ್ನಡಕ ಏರಿಸಿ ಎರಡು ಸಲ ಓದಿದರು.
"ಯಾವ ಪಾವು ಸಾರ್? ನಮ್ಮದು ಸ್ಟೀಲಿಂದು, ಸ್ವಲ್ಪ ಗಿಡ್ಡ."

ಉತ್ತರಕ್ಕೆ ಬಾಯಿ ತೆರೆದೆ.
"ಅಯ್ಯೋ, ಮೊದಲು ನಾಲಿಗೆ ನೋಡ್ಕೊಳ್ಳಿ" ಎಂದು
ನಗುತ್ತಾ ಒಳಗೆ ಹೋದರು.